ಮರಿದುಂಬಿ ಹುಟ್ಟುವ ತೋಟ: ಕಾವ್ಯದ ಮರಗಳು ಮತ್ತು ಅಂಗಳದ ಗಿಡಗಳು

ಪಂಪನ ಬನವಾಸಿ ವರ್ಣನೆಯನ್ನು ಓದದ ಕನ್ನಡ ವಿದ್ಯಾರ್ಥಿ ಇರಲಾರ. ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಬರುವ ಆ ಕೆಲವು ಪದ್ಯಗಳನ್ನು ನಾವು ನಾಡಪ್ರೇಮದ ಉದ್ಗಾರವೆಂದು ಪಾಠ ಮಾಡುತ್ತೇವೆ, ಪರೀಕ್ಷೆಯಲ್ಲಿ ಹಾಗೆಯೇ ಬರೆಸುತ್ತೇವೆ. ಅಲ್ಲಿ ಕವಿಯ ಬೇಡಿಕೆಗೆ ಎರಡು ಮೆಟ್ಟಿಲುಗಳಿವೆ. ಹುಟ್ಟಿದರೆ ತ್ಯಾಗ, ಭೋಗ, ವಿದ್ಯೆ, ಸಂಗೀತ, ಗೋಷ್ಠಿಗಳ ಸವಿಯನ್ನು ಬಲ್ಲ ಮನುಷ್ಯನಾಗಿ ಆ ನಾಡಿನಲ್ಲಿ ಹುಟ್ಟಬೇಕು. ಅದು ದೊರೆಯದಿದ್ದರೆ ಅಲ್ಲಿಯ ನಂದನವನದಲ್ಲಿ ಎಳೆಯ ದುಂಬಿಯಾಗಿಯೋ ಕೋಗಿಲೆಯಾಗಿಯೋ ಆದರೂ ಹುಟ್ಟಬೇಕು. ಈ ಎರಡನೆಯ ಮಾತನ್ನು ನಾನು ಬಹುಕಾಲ ಕವಿಸಮಯದ ಅಲಂಕಾರವೆಂದೇ ಎಣಿಸಿದ್ದೆ. ದುಂಬಿ, ಕೋಗಿಲೆಗಳಿಲ್ಲದ ವನವರ್ಣನೆ ನಮ್ಮ ಯಾವ ಕಾವ್ಯದಲ್ಲಿ ತಾನೆ ಇದೆ?

ಆದರೆ ಕವಿ ಬಳಸಿದ ಕ್ರಿಯೆ ಹುಟ್ಟುವುದು. ಸುಳಿಯುವುದಲ್ಲ, ಬಂದು ಎರಗುವುದಲ್ಲ. ದುಂಬಿಯೊಂದು ಹೂವಿಗೆ ಬಂದು ಹೋಗುವ ತೋಟಕ್ಕೂ ದುಂಬಿಯೊಂದು ಹುಟ್ಟಬಲ್ಲ ತೋಟಕ್ಕೂ ಇರುವ ಅಂತರ ಎಷ್ಟು ದೊಡ್ಡದೆಂಬುದು ನನಗೆ ಗ್ರಂಥಗಳಿಂದ ತಿಳಿದದ್ದಲ್ಲ. ನಾನೇ ಮಾಡಿದ ಒಂದು ತಪ್ಪಿನಿಂದ ತಿಳಿಯಿತು. ಆ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಗ್ರಂಥಾಲಯದ ಪಕ್ಕದಲ್ಲಿ ಸ್ವಲ್ಪ ಬಯಲು ಜಾಗವಿತ್ತು. ಅಲ್ಲೊಂದು ‘ಕಾವ್ಯವನ’ ಮಾಡೋಣವೆಂದು ಆಡಳಿತದವರು ನಿಶ್ಚಯಿಸಿ, ಹಳೆಯ ಕಾವ್ಯಗಳಲ್ಲಿ ಬರುವ ಮರಗಿಡಗಳ ಪಟ್ಟಿಯನ್ನು ನನ್ನಿಂದ ಕೇಳಿದರು. ನಾನು ಅತ್ಯುತ್ಸಾಹದಿಂದ ಅಶೋಕ, ಸಪ್ತಪರ್ಣ, ಚಂಪಕ, ಚೂತ, ಬಕುಳ, ಪುನ್ನಾಗ, ಕುರವಕ, ಮಾಧವಿ ಎಂದು ಬರೆದುಕೊಟ್ಟೆ. ಸಸಿಗಳು ಬಂದವು, ನೆಟ್ಟರು, ಬಿದಿರಿನ ಊರುಗೋಲು ಕಟ್ಟಿದರು, ಹಿತ್ತಾಳೆಯ ನಾಮಫಲಕಗಳೂ ಬಂದವು. ಮೂರು ನಾಲ್ಕು ವರ್ಷಗಳಲ್ಲಿ ವನ ಕಣ್ಣಿಗೆ ಚೆನ್ನಾಗಿಯೇ ಕಂಡಿತು. ಒಂದು ಮಧ್ಯಾಹ್ನ ದ್ವಿತೀಯ ವರ್ಷದ ವಿದ್ಯಾರ್ಥಿನಿಯೊಬ್ಬಳು ತರಗತಿಯ ಕಿಟಕಿಯಿಂದ ಹೊರಗೆ ಕೈತೋರಿಸಿ, “ಸಾರ್, ಅಶೋಕದ ಹೂ ಕೆಂಪೆಂದು ಹೇಳಿದಿರಿ. ಆ ಮರದ ಹೂ ಹಸಿರಾಗಿದೆಯಲ್ಲ?” ಎಂದು ಕೇಳಿದಳು. ನಾನು ಏನೋ ಹೇಳಿ ಮುಂದೆ ಸಾಗಿದೆ. ಸಂಜೆ ಹೋಗಿ ನೋಡಿದಾಗ ಅವಳ ಮಾತು ಸರಿಯಾಗಿತ್ತು. ಅಶೋಕವೆಂಬ ಫಲಕದ ಹಿಂದೆ ನಿಂತಿದ್ದುದು ಕಂಬದಂತೆ ನೇರವಾಗಿ ಬೆಳೆದು, ಅಲೆಅಲೆಯಾದ ಉದ್ದನೆಯ ಎಲೆಗಳನ್ನು ಕೆಳಕ್ಕೆ ಇಳಿಬಿಡುವ ಇನ್ನೊಂದೇ ಮರ. ಚಂಪಕವೆಂಬ ಫಲಕದ ಹಿಂದೆ ದೇವಕಣಗಿಲೆ ಇತ್ತು. ಮಾಧವಿಯ ಚಪ್ಪರದ ಮೇಲೆ ಹಬ್ಬಿದ್ದುದು ಬಿಳಿಯಾಗಿ ಅರಳಿ ಕೆಂಪಾಗಿ ಬಾಡುವ, ಜನ ಮಧುಮಾಲತಿ ಎನ್ನುವ ಬಳ್ಳಿ. ಸಸಿ ಕೊಟ್ಟವರದು ತಪ್ಪೆನ್ನಲಾರೆ. ಕನ್ನಡದ ಹೆಸರನ್ನಾಗಲಿ ಸಸ್ಯಶಾಸ್ತ್ರದ ಹೆಸರನ್ನಾಗಲಿ ಬರೆಯದೆ ಕೋಶದ ಪದಗಳನ್ನಷ್ಟೇ ಕೊಟ್ಟವನು ನಾನು.

ಅಶೋಕದ ಗೊಂದಲ ನನ್ನೊಬ್ಬನದಲ್ಲ. ಇಂದು ನಗರಗಳಲ್ಲಿ ಅಶೋಕವೆಂದರೆ ಹತ್ತರಲ್ಲಿ ಒಂಬತ್ತು ಜನ ತೋರಿಸುವುದು ಆ ಕಂಬದ ಮರವನ್ನೇ. ಸಸ್ಯಶಾಸ್ತ್ರಜ್ಞರು ಹಿಂದೆ ಪಾಲಿಆಲ್ತಿಯ ಎನ್ನುತ್ತಿದ್ದರು, ಈಗ ಮೋನೂನ್ ಲಾಂಗಿಫೋಲಿಯಂ ಎನ್ನುತ್ತಾರೆ, ಸೀತಾಫಲದ ಕುಟುಂಬದ್ದು. ಕಾವ್ಯದ ಅಶೋಕ ಸರಾಕ ಅಸೋಕ, ಹುಣಸೆ ಕಕ್ಕೆಗಳ ಬಳಗದ್ದು. ಪಶ್ಚಿಮಘಟ್ಟದ ನಿತ್ಯಹಸಿರು ಕಾಡುಗಳಲ್ಲಿ, ಹೊಳೆಯ ಬದಿಯ ನೆರಳಿನಲ್ಲಿ ಬೆಳೆಯುವ ಮಧ್ಯಮಗಾತ್ರದ ಮರ. ಅದರ ಹೂವಿಗೆ ಎಸಳೇ ಇಲ್ಲ. ನಾವು ಎಸಳೆಂದು ತಿಳಿಯುವುದು ಬಣ್ಣ ತಳೆದ ಪುಷ್ಪಪಾತ್ರೆ, ಮೊದಲು ಕಿತ್ತಳೆ, ಆಮೇಲೆ ಕೆಂಪು. ಹೂಗೊಂಚಲುಗಳು ರೆಂಬೆಯ ತುದಿಗೆ ಕಾಯದೆ ಹಳೆಯ ಕೊಂಬೆಗಳ ಮೇಲೂ ಕಾಂಡದ ಮೇಲೂ ನೇರವಾಗಿ ಒಡೆಯುತ್ತವೆ. ತರುಣಿಯ ಪಾದಾಘಾತದಿಂದ ಅಶೋಕ ಅರಳುತ್ತದೆಂಬ ದೋಹದದ ಕಲ್ಪನೆ ಎಲ್ಲಿಂದ ಬಂತೋ ಹೇಳುವುದು ಕಷ್ಟ. ಆದರೆ ಮೈಮೇಲೆಯೇ ಹೂ ಮುಡಿಯುವ ಮರವನ್ನು ಎದುರಿಗೆ ಕಂಡವನಿಗೆ ಆ ಕಲ್ಪನೆ ಅಸಂಗತವೆನಿಸದು. ಕಂಬದ ಮರದ ಎಳೆಹಸಿರು ಹೂವನ್ನು ಎಲೆಯ ನಡುವೆ ಹುಡುಕಿ ನೋಡಬೇಕು. ಅದರ ಸುತ್ತ ಯಾವ ಕವಿಯೂ ದೋಹದವನ್ನು ಕಟ್ಟುತ್ತಿರಲಿಲ್ಲ.

ಹೆಸರುಗಳು ಹೀಗೆ ಮರದಿಂದ ಮರಕ್ಕೆ ಹಾರುವುದು ಇಂದಿನ ರೋಗವೂ ಅಲ್ಲ. ಅಮರಕೋಶದ ವನೌಷಧಿವರ್ಗವನ್ನು ಬಿಡಿಸಿ ನೋಡಿದರೆ ವಂಜುಲವೆಂಬ ಒಂದೇ ಪದ ಅಶೋಕಕ್ಕೂ ನೀರಿನಂಚಿನ ವೇತಸಕ್ಕೂ ಸಲ್ಲುತ್ತದೆ. ಸಂಪಾದನೆಯ ಕೆಲಸ ಮಾಡುವವರು ಇಂತಹ ಪದಗಳಿಗೆ ಅರ್ಥಕೋಶದಲ್ಲಿ ‘ಒಂದು ಬಗೆಯ ಮರ’ ಎಂದು ಬರೆದು ಕೈತೊಳೆದುಕೊಳ್ಳುವುದನ್ನು ನಾನೂ ಮಾಡಿದ್ದೇನೆ. ಹಾಗೆ ಬರೆದಾಗ ಪದ್ಯಕ್ಕೆ ಆಗುವ ನಷ್ಟ ಸಣ್ಣದೇ ಇರಬಹುದು. ಆ ಪದವನ್ನು ನಂಬಿ ಗುಂಡಿ ತೋಡುವವನಿಗೆ ಆಗುವ ನಷ್ಟ ಸಣ್ಣದಲ್ಲ.

ಆದಿಪುರಾಣವನ್ನು ಓದಿದವರಿಗೆ ಸಮವಸರಣದ ನಾಲ್ಕು ವನಗಳು ನೆನಪಿರುತ್ತವೆ. ಅಶೋಕವನ, ಸಪ್ತಪರ್ಣವನ, ಚಂಪಕವನ, ಆಮ್ರವನ. ಜಿನಸೇನಾಚಾರ್ಯರ ಸಂಸ್ಕೃತ ಪುರಾಣದಿಂದ ಪಂಪನ ಕನ್ನಡಕ್ಕೆ ಬಂದ ಈ ಚೌಕಟ್ಟನ್ನು ಮುಂದಿನ ಕನ್ನಡ ಜೈನ ಪುರಾಣಕಾರರೂ ಬಲ್ಲರು. ಇದು ದಿವ್ಯನಿರ್ಮಾಣದ ವರ್ಣನೆ. ಇದನ್ನು ತೋಟಗಾರಿಕೆಯ ಕೈಪಿಡಿಯೆಂದು ಓದುವುದು ತಪ್ಪು. ಆದರೂ ಇಲ್ಲಿ ಆಯ್ದ ನಾಲ್ಕು ಮರಗಳೂ ಈ ನೆಲದವು ಎಂಬುದೂ, ನಾಲ್ಕರ ಸ್ವಭಾವವೂ ಬೇರೆ ಬೇರೆ ಎಂಬುದೂ ನನ್ನನ್ನು ಮತ್ತೆ ಮತ್ತೆ ಸೆಳೆದಿದೆ.

ಸಪ್ತಪರ್ಣವನ್ನೇ ನೋಡೋಣ. ನಮ್ಮ ಹಳ್ಳಿಗಳಲ್ಲಿ ಅದು ಹಾಲೆ, ಮದ್ದಾಲೆ, ತುಳುವರಿಗೆ ಪಾಲೆ. ಎಲೆಗಳು ಸಾಮಾನ್ಯವಾಗಿ ಏಳರ ಸುತ್ತಿನಲ್ಲಿ ಮೂಡುವುದರಿಂದ ಸಂಸ್ಕೃತದ ಹೆಸರು ಬಂತು. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಅದರ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಮಾಡಿ ಕುಡಿಯುವ ಪದ್ಧತಿ ತುಳುನಾಡಿನಲ್ಲಿ ಇಂದಿಗೂ ಉಂಟು. ಕತ್ತಲಲ್ಲಿ ಮರದ ಗುರುತು ತಪ್ಪಬಾರದೆಂದು ಹಿರಿಯರು ಹಿಂದಿನ ದಿನವೇ ಹೋಗಿ ಮರವನ್ನು ನೋಡಿಟ್ಟುಕೊಳ್ಳುತ್ತಾರೆ; ಅಲ್ಲಿ ಹೆಸರಿನ ತಪ್ಪು ಪ್ರಾಣಕ್ಕೇ ಎರವಾದೀತು. ಮಳೆಗಾಲ ಮುಗಿದು ಶರತ್ತು ಬಂದಾಗ ಆ ಮರ ಹೂ ಬಿಡುತ್ತದೆ, ರಾತ್ರಿಯೆಲ್ಲ ತಲೆಸುತ್ತುವಷ್ಟು ಗಾಢವಾದ ಗಂಧ. ಸಂಸ್ಕೃತ ಕವಿಗಳು ಅದನ್ನು ಆನೆಯ ಮದೋದಕದ ವಾಸನೆಗೆ ಹೋಲಿಸಿದ್ದು ಉತ್ಪ್ರೇಕ್ಷೆಯಲ್ಲವೆಂದು ಆ ಮರದ ಕೆಳಗೆ ಒಂದು ರಾತ್ರಿ ಕಳೆದವರು ಒಪ್ಪುತ್ತಾರೆ. ಆ ಗಂಧ ನಮಗಾಗಿ ಬಿಟ್ಟದ್ದಲ್ಲ, ಕತ್ತಲಲ್ಲಿ ಹಾರುವ ಪತಂಗಗಳಿಗಾಗಿ.

ಚಂಪಕದ ಮಾತು ಇನ್ನೂ ಸ್ವಾರಸ್ಯದ್ದು. ಸಂಪಿಗೆಯ ಹತ್ತಿರ ದುಂಬಿ ಸುಳಿಯದೆಂಬ ಕವಿಸಮಯವನ್ನು ನಾವೆಲ್ಲ ಬಲ್ಲೆವು. ಅದರ ಮೇಲೆ ಎಷ್ಟು ಶ್ಲೇಷೆ, ಎಷ್ಟು ಅನ್ಯೋಕ್ತಿ ಹುಟ್ಟಿವೆಯೋ ಲೆಕ್ಕವಿಲ್ಲ. ಇದು ಬರಿಯ ಕಲ್ಪನೆಯಲ್ಲ. ಸಂಪಿಗೆಯ ಬಳಗದ ಮರಗಳು ಬಹಳ ಪ್ರಾಚೀನ ವಂಶದವು. ಅವುಗಳ ಪರಾಗಸ್ಪರ್ಶಕ್ಕೆ ಮುಖ್ಯವಾಗಿ ಒದಗುವುದು ಜೀರುಂಡೆಗಳು. ದುಂಬಿ ಬಯಸುವಷ್ಟು ಮಕರಂದ ಆ ಹೂವಿನಲ್ಲಿಲ್ಲ. ಯಾರೋ ಒಬ್ಬ ಕವಿ, ಅಥವಾ ಕವಿಗೆ ಹೇಳಿದ ಒಬ್ಬ ಹೂವಾಡಿಗ, ಇದನ್ನು ಕಣ್ಣಾರೆ ನೋಡಿರಲೇಬೇಕು. ಹಾಗೆಂದು ಸಂಪಿಗೆ ಜೀವಿಗಳಿಗೆ ಬಡಮರವೇನಲ್ಲ. ಕಾಯಿ ಬಿರಿದಾಗ ಕಾಣುವ ಕೆಂಪು ಸಿಪ್ಪೆಯ ಬೀಜಗಳಿಗೆ ಹಕ್ಕಿಗಳು ಮುತ್ತುತ್ತವೆ. ಕಪ್ಪು ರೆಕ್ಕೆಯ ಮೇಲೆ ಎಳೆಹಸಿರು ಚುಕ್ಕೆಗಳಿರುವ ಒಂದು ಚಿಟ್ಟೆ ಅದರ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಮಾವಿನ ಎಲೆಯನ್ನು ತಿಂದು ಬೆಳೆಯುವ ಇನ್ನೊಂದು ಚಿಟ್ಟೆಯ ಹುಳು ಎಲೆಯ ನಡುನರದ ಉದ್ದಕ್ಕೆ ಮಲಗಿಬಿಟ್ಟರೆ ಹತ್ತಿರದಿಂದ ನೋಡಿದರೂ ಹುಳುವೆಂದು ತಿಳಿಯುವುದಿಲ್ಲ, ಬೆನ್ನಿನ ಗೆರೆ ಆ ನರಕ್ಕೆ ಅಷ್ಟು ಸರಿಯಾಗಿ ಕೂಡುತ್ತದೆ. ಹೂ ಒಬ್ಬರಿಗೆ, ಎಲೆ ಇನ್ನೊಬ್ಬರಿಗೆ, ಹಣ್ಣು ಮತ್ತೊಬ್ಬರಿಗೆ.

ಮರ ಮತ್ತು ಮನೆಯಂಗಳದ ನಂಟಿಗೆ ಕರ್ನಾಟಕದ ಶಾಸನಗಳಲ್ಲಿ ಒಂದು ಅಪೂರ್ವ ಸಾಕ್ಷ್ಯವಿದೆ. ಕುಬ್ಜನೆಂಬ ಕವಿ ರಚಿಸಿದ ತಾಳಗುಂದದ ಸ್ತಂಭಶಾಸನವು ಕದಂಬರ ಮೂಲವನ್ನು ಹೇಳುವಾಗ, ಅವರ ಮನೆಯ ಬಳಿ ಒಂದು ಕದಂಬದ ಮರವಿತ್ತು, ಅದನ್ನು ಅವರು ಆದರದಿಂದ ಸಾಕಿದರು, ಆದ್ದರಿಂದ ಆ ಮರದ ಹೆಸರೇ ಕುಲಕ್ಕೆ ಬಂತು ಎನ್ನುತ್ತದೆ. ರಾಜವಂಶವೊಂದು ಸೂರ್ಯ ಚಂದ್ರರಿಗೆ ಕೈಚಾಚುವ ಮೊದಲು ಅಂಗಳದ ಮರವನ್ನು ನೆನೆದದ್ದು ನನಗೆ ಪ್ರಿಯವಾದ ಸಂಗತಿ. ಪಂಪ ಹಂಬಲಿಸಿದ ಬನವಾಸಿ ಆ ವಂಶದ ರಾಜಧಾನಿಯೇ ಆಗಿತ್ತು. ಚೆಂಡಿನಂತೆ ದುಂಡಗಿನ ಹೂ ಬಿಡುವ ಆ ಮರವನ್ನೂ ಅದೇ ಬಳಗದ ಅರಿಶಿನತೇಗವನ್ನೂ ಹೂ ನೋಡಿ ಒಂದೇ ಎನ್ನುವವರಿದ್ದಾರೆ. ಇಲ್ಲಿಯೂ ಎಲೆ ನೋಡಿ ನೆಡುವುದು ಕ್ಷೇಮ.

ಹನ್ನೊಂದನೆಯ ಶತಮಾನದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯವಿದೆ. ಅದನ್ನು ಬರೆದ ಚಾವುಂಡರಾಯ ಬೇರೆ, ತ್ರಿಷಷ್ಟಿಲಕ್ಷಣ ಮಹಾಪುರಾಣದ ಚಾವುಂಡರಾಯ ಬೇರೆ. ವಿದ್ಯಾರ್ಥಿಗಳು ಇಬ್ಬರನ್ನೂ ಒಬ್ಬನೆಂದು ಬರೆಯುವುದನ್ನು ಪ್ರತಿವರ್ಷ ಉತ್ತರಪತ್ರಿಕೆಗಳಲ್ಲಿ ಕಾಣುತ್ತೇನೆ, ಆದ್ದರಿಂದ ಈ ಮಾತು. ಮರವನ್ನು ಬೆಳೆಸುವ, ಅದರ ರೋಗಕ್ಕೆ ಮದ್ದು ಮಾಡುವ ವಿದ್ಯೆ ಕನ್ನಡದಲ್ಲಿ ಅಷ್ಟು ಹಿಂದೆಯೇ ಬರಹಕ್ಕೆ ಇಳಿದಿತ್ತೆಂಬುದಷ್ಟೇ ಇಲ್ಲಿ ಪ್ರಸ್ತುತ.

ಈ ಚಿತ್ರ ಬದಲಾದದ್ದು ಯಾವಾಗ? ಒಂದೇ ದಿನದಲ್ಲಂತೂ ಅಲ್ಲ. ಬೆಂಗಳೂರಿನ ಲಾಲ್‌ಬಾಗನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1760ರಲ್ಲಿ ಹೈದರಾಲಿ ಅದನ್ನು ಆರಂಭಿಸಿದಾಗ ಕಣ್ಣೆದುರಿಗಿದ್ದುದು ಶಿರಾದ ಮೊಗಲ್ ಮಾದರಿಯ ತೋಟ. ಟಿಪ್ಪು ಹೊರನಾಡುಗಳಿಂದ ಬೀಜ, ಸಸಿಗಳನ್ನು ತರಿಸಿದ. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್, ಸುಲ್ತಾನನ ತೋಟಗಳು ಚೌಕ ಚೌಕವಾದ ಪಾತಿಗಳಾಗಿ ವಿಂಗಡವಾಗಿದ್ದುದನ್ನೂ ದಾರಿಗಳ ಅಂಚಿಗೆ ಸೈಪ್ರೆಸ್ ಮರಗಳು ಸಾಲಾಗಿ ನಿಂತಿದ್ದುದನ್ನೂ ದಾಖಲಿಸಿದ್ದಾನೆ. 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರವರೆಗೆ ಅದರ ಹೊಣೆ ಹೊತ್ತ ಜಾನ್ ಕ್ಯಾಮರಾನ್, ಆಮೇಲೆ ಬಂದ ಜರ್ಮನ್ ತೋಟಗಾರ ಗುಸ್ತಾವ್ ಹರ್ಮನ್ ಕ್ರುಂಬಿಗೆಲ್, ಇವರ ಕಾಲದಲ್ಲಿ ಜಗತ್ತಿನ ನಾನಾ ಮೂಲೆಗಳ ಮರಗಿಡಗಳು ಇಲ್ಲಿ ಬೇರುಬಿಟ್ಟವು. ಕ್ರುಂಬಿಗೆಲ್‌ನ ಹೆಸರಿನೊಂದಿಗೆ ನಿಂತಿರುವ ದೊಡ್ಡ ಕಲ್ಪನೆಯೆಂದರೆ ಸರದಿಯ ಹೂ: ಒಂದು ಬೀದಿಯ ಮರ ಹೂ ಮುಗಿಸುವಾಗ ಇನ್ನೊಂದು ಬೀದಿಯದು ಆರಂಭಿಸಬೇಕು, ವರ್ಷವಿಡೀ ಊರಿನಲ್ಲಿ ಎಲ್ಲಾದರೂ ಹೂ ಇರಬೇಕು. ದಕ್ಷಿಣ ಅಮೆರಿಕದ ಜಕರಾಂಡ, ಟಬೂಬಿಯ, ಮಡಗಾಸ್ಕರದ ಗುಲ್‌ಮೊಹರ್ ಇವೆಲ್ಲ ಬೆಂಗಳೂರಿನ ವಸಂತದ ಬಣ್ಣಗಳಾದದ್ದು ಹೀಗೆ. ಹಳೆಯ ಬೀದಿಗಳಲ್ಲಿ ಅವುಗಳ ನಡುವೆ ನಮ್ಮ ಹೊಂಗೆ, ಹೊಳೆದಾಸವಾಳಗಳೂ ನಿಂತಿವೆ.

ಈ ತೋಟಗಾರರನ್ನು ಇಂದು ನಿಂದಿಸುವುದು ಸುಲಭ, ಆದರೆ ನ್ಯಾಯವಲ್ಲ. ಅವರು ಮಾಡಿದ್ದು ಚೆಲುವಾದ ಕೆಲಸ. ಅಳತೆಗೋಲು ಮಾತ್ರ ದಾರಿಹೋಕನ ಕಣ್ಣು. ವನವನ್ನು ಅಳೆಯುವ ಇನ್ನೊಂದು ಗೋಲು ಕಾವ್ಯದಲ್ಲಿತ್ತು, ಯಾರು ಯಾರು ಅಲ್ಲಿ ಕೂಗುತ್ತಾರೆ, ಮೊರೆಯುತ್ತಾರೆ ಎಂಬ ಲೆಕ್ಕ. ಅದು ತೋಟಗಾರಿಕೆಯ ಕಡತಗಳೊಳಗೆ ಬರಲಿಲ್ಲ.

ಹೊರಗಿನಿಂದ ಬಂದದ್ದನ್ನು ಗುರುತಿಡುವ ಅಭ್ಯಾಸ ಕನ್ನಡ ಜನರಿಗೆ ಇದ್ದೇ ಇತ್ತು. ಸೀಮೆಬದನೆ, ಸೀಮೆಹುಣಸೆ ಎಂದಾಗ ಆ ‘ಸೀಮೆ’ಯೇ ಪರದೇಶದ ರಹದಾರಿ, ಪರಂಗಿ ಹಣ್ಣಿನಲ್ಲಿ ಫಿರಂಗಿಯವನು ಇನ್ನೂ ಕುಳಿತಿದ್ದಾನೆ. ಆದರೆ ಎಲ್ಲ ಗಿಡಗಳಿಗೂ ಈ ಮುದ್ರೆ ಬೀಳಲಿಲ್ಲ. ದೇವಸ್ಥಾನ, ಬಸದಿಗಳ ಅಂಗಳದಲ್ಲಿ ಶತಮಾನಗಳಿಂದ ಇದ್ದಂತೆ ಕಾಣುವ ದೇವಕಣಗಿಲೆ ಮೆಕ್ಸಿಕೋ, ಮಧ್ಯ ಅಮೆರಿಕಗಳ ಕಡೆಯದು. ಶಿವಾಲಯಗಳ ಮುಂದಿನ ನಾಗಲಿಂಗಪುಷ್ಪದ ಮರವೂ ದಕ್ಷಿಣ ಅಮೆರಿಕದ್ದೇ. ಒಂದಕ್ಕೆ ‘ದೇವ’ ಸೇರಿತು, ಇನ್ನೊಂದಕ್ಕೆ ‘ಲಿಂಗ’ ಸೇರಿತು, ಊರಿನವಾದವು. ಅದರಲ್ಲಿ ಕೋಪಿಸಿಕೊಳ್ಳುವಂಥದ್ದೇನೂ ಇಲ್ಲ. ಆದರೆ ನನ್ನ ಕಾವ್ಯವನದಲ್ಲಿ ಸಂಪಿಗೆಯ ಜಾಗದಲ್ಲಿ ನಿಂತ ದೇವಕಣಗಿಲೆಯ ಬಗ್ಗೆ ತಿಳಿದ ಒಂದು ಸಂಗತಿ ನನ್ನನ್ನು ಕಾಡಿತು. ಅದರ ಹೂವಿನಲ್ಲಿ ಮಕರಂದವಿಲ್ಲ. ಇರುಳಿನ ಪರಿಮಳಕ್ಕೆ ಮರುಳಾಗಿ ಬರುವ ಪತಂಗ ಹೂವಿನಿಂದ ಹೂವಿಗೆ ಅಲೆದು, ಗಿಡದ ಕೆಲಸವನ್ನು ಮಾಡಿಕೊಟ್ಟು, ಬರಿಹೊಟ್ಟೆಯಲ್ಲಿ ಹಾರಿಹೋಗುತ್ತದೆ.

ಮಕರಂದ ಧಾರಾಳವಾಗಿದ್ದೂ ಕೆಡುಕು ಮಾಡಿದ ಗಿಡ ಲಂಟಾನ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿಯೇ ಅದು ಬಂತು. ಬೇಲಿಗೆ ಚೆನ್ನು, ವರ್ಷವಿಡೀ ಹೂ, ನೀರು ಗೊಬ್ಬರಗಳ ಹಂಗಿಲ್ಲ. ತೋಟಗಾರನೊಬ್ಬ ಇನ್ನೇನು ಬಯಸಿಯಾನು? ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆಮಹದೇಶ್ವರ ಬೆಟ್ಟಗಳ ಕಾಡಿನ ಕೆಳಹಂತವನ್ನು ಅದು ಮುಚ್ಚಿಹಾಕಿದೆ. ಹಿಂದೆ ತಾವು ಹಾಕುತ್ತಿದ್ದ ತರಗು ಬೆಂಕಿ ನಿಂತುಹೋದ ಮೇಲೆ ಅದು ಹೀಗೆ ಹಬ್ಬಿತೆಂಬುದು ಬಿಳಿಗಿರಿಯ ಸೋಲಿಗರ ಅನುಭವ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಗಳಿಂದ ಕುರ್ಚಿ, ಬುಟ್ಟಿ ಹೆಣೆದು ಅಷ್ಟಿಷ್ಟು ಉಪಯೋಗ ಮಾಡಿಕೊಂಡಿದ್ದಾರೆ. ಈಗ ಲಂಟಾನದ ಪೊದೆಯ ಮುಂದೆ ಒಂದು ಬೆಳಗ್ಗೆ ನಿಂತು ನೋಡಿ: ಹತ್ತಾರು ಬಗೆಯ ಚಿಟ್ಟೆಗಳು. ಹೂವಿನ ಮೇಲಿನ ಚಿಟ್ಟೆಯನ್ನೇ ಲೆಕ್ಕ ಹಿಡಿದರೆ ಇದಕ್ಕಿಂತ ಉತ್ತಮ ಗಿಡವಿಲ್ಲ. ಆದರೆ ಆ ಚಿಟ್ಟೆಗಳಲ್ಲಿ ಹೆಚ್ಚಿನವು ಅದರ ಎಲೆಯ ಮೇಲೆ ಒಂದು ಮೊಟ್ಟೆಯನ್ನೂ ಇಡುವುದಿಲ್ಲ. ಅವು ಹುಟ್ಟಿದ್ದು ಬೇರೆ ಗಿಡದಲ್ಲಿ. ಆ ಬೇರೆ ಗಿಡವನ್ನೇ ಲಂಟಾನ ತನ್ನ ಬುಡದಲ್ಲಿ ಬೆಳೆಯಗೊಡುವುದಿಲ್ಲ. ಚಿಟ್ಟೆಗೆ ಉಣಿಸಿ ಚಿಟ್ಟೆಯ ತೊಟ್ಟಿಲನ್ನು ಕಸಿಯುವ ಗಿಡ ಅದು.

ಆಸ್ಟ್ರೇಲಿಯಾದಿಂದ ಇನ್ನೂ ಕಠಿಣವಾದ ಉದಾಹರಣೆಯೊಂದಿದೆ. ಅಲ್ಲಿಯ ರಿಚ್ಮಂಡ್ ಬರ್ಡ್‌ವಿಂಗ್ ಎಂಬ ದೊಡ್ಡ ಚಿಟ್ಟೆ ಈಶ್ವರಬಳ್ಳಿಯ ಬಳಗದ ಸ್ಥಳೀಯ ಬಳ್ಳಿಯ ಮೇಲೆ ಮೊಟ್ಟೆಯಿಡುತ್ತದೆ. ಅಲಂಕಾರಕ್ಕೆಂದು ತಂದ ಅದೇ ಬಳಗದ ದಕ್ಷಿಣ ಅಮೆರಿಕದ ಬಳ್ಳಿ ತೋಟಗಳಿಂದ ಕಾಡಿಗೆ ನುಗ್ಗಿತು. ಚಿಟ್ಟೆ ಅದನ್ನು ತನ್ನ ಬಳ್ಳಿಯೆಂದೇ ತಿಳಿದು ಮೊಟ್ಟೆಯಿಡುತ್ತದೆ. ಮರಿಹುಳುಗಳು ಆ ಎಲೆ ತಿಂದು ಸಾಯುತ್ತವೆ. ನಮ್ಮ ಪಶ್ಚಿಮಘಟ್ಟದ ಹಳದಿ-ಕಪ್ಪು ಬಣ್ಣದ ದೊಡ್ಡ ಚಿಟ್ಟೆಯೂ ಈಶ್ವರಬಳ್ಳಿಯ ಬಳಗವನ್ನೇ ನಂಬಿದ್ದು. ನರ್ಸರಿಯಲ್ಲಿ ಕೊಳವೆಯಾಕಾರದ ವಿಚಿತ್ರ ಹೂವಿನ ಬಳ್ಳಿಯನ್ನು ಕಂಡು ಮನಸೋಲುವ ಮಲೆನಾಡಿನ ಗೆಳೆಯರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಹಾಗಾದರೆ ದೇಶೀಯವೆಲ್ಲ ಒಳ್ಳೆಯದು, ಪರದೇಶದ್ದೆಲ್ಲ ಕೆಟ್ಟದ್ದು ಎನ್ನೋಣವೇ? ನಾನು ಅವಸರದಲ್ಲಿ ಹಾಗೆ ತೀರ್ಮಾನಿಸಿ, ಕಾವ್ಯವನದ ಸುಳ್ಳು ಅಶೋಕಗಳನ್ನು ಕಡಿಸುವುದೆಂದು ಹೊರಟಿದ್ದೆ. ತಡೆದದ್ದು ಸಸ್ಯಶಾಸ್ತ್ರ ವಿಭಾಗದ ಸಹೋದ್ಯೋಗಿ. ಅವರು ಕೆಳಗಿನ ಒಂದು ರೆಂಬೆಯನ್ನು ಬಾಗಿಸಿ ಎಲೆಯ ಮೇಲಿನ ಹಸಿರು ಹುಳುವನ್ನು ತೋರಿಸಿದರು. ಸಂಪಿಗೆಯ ಎಲೆಯಲ್ಲಿ ಬೆಳೆಯುವ ಆ ಹಸಿರು ಚುಕ್ಕೆಯ ಚಿಟ್ಟೆಯ ಮರಿಯೇ ಅದು. ಈ ಮರದ ಎಲೆಯೂ ಅದಕ್ಕೆ ಆಹಾರ. ಅಷ್ಟೇ ಅಲ್ಲ, ಆ ಮರ ದಕ್ಷಿಣ ಭಾರತ ಮತ್ತು ಸಿಂಹಳದ್ದೇ. ಅದರ ಹಣ್ಣಿಗೆ ಕೋಗಿಲೆಗಳೂ ಬಾವಲಿಗಳೂ ಬರುತ್ತವೆ. ಹೆಸರು ಸುಳ್ಳು, ಮರ ಸುಳ್ಳಲ್ಲ. ಅದೇ ಚಿಟ್ಟೆ ಅಮೆರಿಕದಿಂದ ಬಂದ ಸೀತಾಫಲದ ಎಲೆಯ ಮೇಲೂ ಬೆಳೆಯುತ್ತದೆಂದು ಅವರು ಹೇಳಿದಾಗ ನನ್ನ ಪಟ್ಟಿ ಇನ್ನಷ್ಟು ಅಳ್ಳಾಡಿತು. ಬೀದಿಬದಿಯ ಗಸಗಸೆ ಹಣ್ಣಿನ ಮರವೂ ಅಮೆರಿಕದ್ದು. ಅದರ ಕೆಳಗೆ ನಿಂತು ಪಿಕಳಾರಗಳ ಗದ್ದಲ ಕೇಳಿದವರು ಅದನ್ನು ಪರಕೀಯವೆನ್ನಲು ಹಿಂಜರಿಯುತ್ತಾರೆ. ಇನ್ನೊಂದು ಕಡೆ ಆಫ್ರಿಕದ ನೀರುಕಾಯಿ ಮರ, ಕೆಂಪು ಬಟ್ಟಲಿನಂಥ ಹೂವುಳ್ಳದ್ದು, ನೋಡಲು ಉತ್ಸವದಂತಿರುತ್ತದೆ. ಅದರ ಹೂವಿನೊಳಗೆ ಮುಜಂಟಿ ಬಳಗದ ಕೊಂಡಿಯಿಲ್ಲದ ಜೇನುಗಳು ಸತ್ತುಬೀಳುವುದನ್ನು ಬ್ರೆಜಿಲ್‌ನ ಅಧ್ಯಯನಗಳು ದಾಖಲಿಸಿವೆ. ಊರು ಯಾವುದೆಂದು ಕೇಳುವುದು ಮೊದಲ ಪ್ರಶ್ನೆ ಸರಿ, ಅಲ್ಲಿಗೇ ಕೇಳುವುದನ್ನು ನಿಲ್ಲಿಸುವಂತಿಲ್ಲ. ಹೂ ಯಾರಿಗೆ, ಎಲೆ ಯಾರಿಗೆ, ಹಣ್ಣು ಯಾರಿಗೆ, ಕಾಡಿಗೆ ನುಗ್ಗುವ ಜಾತಿಯೇ ಎಂದು ಒಂದೊಂದು ಗಿಡಕ್ಕೂ ಕೇಳಬೇಕಾಗುತ್ತದೆ.

ದೇಶೀಯ ಮತ್ತು ಅಲಂಕಾರಿಕ ಎಂಬ ಎರಡು ಗುಂಪುಗಳನ್ನು ಎದುರುಬದುರು ನಿಲ್ಲಿಸುವುದೂ ಅಷ್ಟೇ ಅರ್ಥಹೀನ. ಕರಾವಳಿಯ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಕೇಪಳಕ್ಕಿಂತ ಅಲಂಕಾರಿಕವಾದ ಪೊದೆ ಯಾವುದಿದೆ? ಅದರ ಕೆಂಪು ಗೊಂಚಲಿನಿಂದ ಚಿಟ್ಟೆಗಳು ಮಧು ಹೀರುತ್ತವೆ, ಹಣ್ಣನ್ನು ಹಕ್ಕಿಗಳೂ ಶಾಲೆಗೆ ಹೋಗುವ ಮಕ್ಕಳೂ ಹಂಚಿಕೊಳ್ಳುತ್ತಾರೆ. ಕನಕಾಂಬರ ಈ ನೆಲದ್ದು. ಕಾವ್ಯದ ಕುರವಕವೆಂದು ಹಲವರು ಗುರುತಿಸುವ ಗೋರಂಟೆ ಈ ನೆಲದ್ದು. ಕುಂಡದಲ್ಲೂ ಬೆಳೆಯುವ ಆ ಗಿಡದ ಎಲೆ ಒಂದು ಚಿಕ್ಕ ಕಂದುಚಿಟ್ಟೆಯ ಮರಿಗಳಿಗೆ ತವರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನರ್ಸರಿಗಳಲ್ಲಿ ಅಕ್ಷರಶಃ ನಿಜ: ಕೇಪಳವನ್ನು ಕೇಳಿದರೆ ಸಿಂಗಪುರದ ಗಿಡ್ಡ ತಳಿಯನ್ನು ತೋರಿಸುತ್ತಾರೆ, ಎಕ್ಕವನ್ನು ಕೇಳಿದರೆ ನಗುತ್ತಾರೆ. ಆ ಎಕ್ಕದ ಎಲೆಯೇ ಊರಿನ ಅತಿ ಸಾಮಾನ್ಯವಾದ ಕಿತ್ತಳೆ ಬಣ್ಣದ ಚಿಟ್ಟೆಯ ಮರಿಗಳಿಗೆ ಮುಖ್ಯ ಆಹಾರ.

ಕಾವ್ಯವನದ ಎರಡನೆಯ ಪಟ್ಟಿಯನ್ನು ನಾವಿಬ್ಬರೂ ಕುಳಿತು ಮಾಡಿದೆವು. ಕ್ರುಂಬಿಗೆಲ್‌ನ ಸರದಿಯ ಕಲ್ಪನೆಯನ್ನೇ ಎರವಲು ಪಡೆದು, ಕಣ್ಣಿನ ಬದಲು ಹೊಟ್ಟೆಯನ್ನು ಅಳತೆಯಾಗಿ ಇಟ್ಟುಕೊಂಡೆವು. ಮಾಘ ಫಾಲ್ಗುಣಗಳಲ್ಲಿ ಮುತ್ತುಗ, ಹಕ್ಕಿಗಳು ಬಂದು ಮಧು ಕುಡಿಯುವ ಹೂ. ಅದೇ ಹೊತ್ತಿಗೆ ನಿಜವಾದ ಅಶೋಕ, ಗ್ರಂಥಾಲಯದ ನೆರಳು ಬೀಳುವ ಕಡೆ, ನೀರಿನ ಕೊಳಾಯಿಗೆ ಹತ್ತಿರ. ಒಣಬಿಸಿಲು ಅದಕ್ಕೆ ಆಗದು. ಬೇಸಗೆಗೆ ಹೊಂಗೆ ಮತ್ತು ಕಕ್ಕೆ. ಕಕ್ಕೆಯ ಎಲೆ ಹಳದಿ ಚಿಟ್ಟೆಗಳ ಮರಿಗಳಿಗೆ, ಹೂ ದುಂಬಿಗೆ. ಮಳೆಗಾಲಕ್ಕೆ ಕದಂಬ, ಜಾಗವಿದ್ದ ಒಂದು ಮೂಲೆಯಲ್ಲಿ ಮಾತ್ರ. ಶರತ್ತಿಗೆ ಹಾಲೆ, ಗೋಡೆಯಿಂದ ದೂರ. ವರ್ಷವಿಡೀ ಇರಲೆಂದು ಕೇಪಳ, ಗೋರಂಟೆ, ಕರಿಬೇವು, ನಿಂಬೆ. ಕೊನೆಯ ಎರಡು ಕಾವ್ಯದಲ್ಲಿ ಎಲ್ಲಿವೆಯೆಂದು ಸಮಿತಿಯಲ್ಲಿ ಒಬ್ಬರು ಕೇಳಿದರು. ಕರಿಬೇವು, ನಿಂಬೆಗಳ ಎಲೆ ತಿಂದು ಬೆಳೆಯುವ ಚಿಟ್ಟೆಗಳು ಕಾವ್ಯಕ್ಕೆ ಸಲ್ಲುತ್ತವೆಂದು ಉತ್ತರಿಸಿ ಪಾರಾದೆ. ನಿಜವಾದ ಮಾಧವಿಯ ಬಳ್ಳಿಯೂ ಬಂತು. ದೇವಕಣಗಿಲೆಯನ್ನು ಕೀಳಲಿಲ್ಲ, ಫಲಕವನ್ನು ಮಾತ್ರ ಬದಲಿಸಿದೆವು.

ಗಿಡ ಆಯುವುದಕ್ಕಿಂತ ಕಷ್ಟವಾದದ್ದು ಅದರ ಮುಂದಿನದು. ಎಲೆಯಲ್ಲಿ ತೂತು ಕಂಡರೆ ಮಾಲಿ ಔಷಧಿಯ ಡಬ್ಬಿ ಹುಡುಕುತ್ತಾನೆ. ಹೊಂಗೆಯ ಎಲೆಯ ಮೇಲೆ ಬಿಳಿಯ ಮಚ್ಚೆ ಬಿದ್ದರೆ ಮರಕ್ಕೆ ರೋಗವೆಂದು ದೂರು ಬರುತ್ತದೆ. ಉದುರಿದ ತರಗನ್ನು ಪ್ರತಿದಿನ ಗುಡಿಸಿ ಸುಡುವುದು ಶಿಸ್ತಿನ ಲಕ್ಷಣ. ಒಣಗಿದ ರೆಂಬೆ ಕಂಡೊಡನೆ ಕತ್ತರಿ ಬೀಳುತ್ತದೆ. ತಿಂದ ಎಲೆಯೇ ಈ ವನದ ಫಲವೆಂದು ಮಾಲಿಗೆ ಒಪ್ಪಿಸಲು ನನಗೆ ಒಂದು ವರ್ಷ ಹಿಡಿಯಿತು. ಆಡಳಿತಕ್ಕೆ ಒಪ್ಪಿಸಲು ಇನ್ನೂ ಹೆಚ್ಚು.

ಮತ್ತೆ ಪಂಪನ ದುಂಬಿಗೆ ಬರುತ್ತೇನೆ. ಕಾವ್ಯದ ದುಂಬಿ ಯಾವುದೆಂದು ಖಚಿತವಾಗಿ ಹೇಳುವುದು ಕಷ್ಟವಾದರೂ, ಕಪ್ಪು ಮೈ, ನೀಲಿ ಮಿರುಗುವ ರೆಕ್ಕೆ, ಗಂಭೀರವಾದ ಮೊರೆತ, ಇವನ್ನೆಲ್ಲ ಕೂಡಿಸಿದರೆ ನನಗೆ ಒಪ್ಪುವುದು ಮರಕೊರೆಯುವ ದೊಡ್ಡ ಕರಿದುಂಬಿ. ಅದು ಜೇನಿನಂತೆ ಗೂಡು ಕಟ್ಟುವುದಿಲ್ಲ. ಹೆಣ್ಣುದುಂಬಿ ಒಣಮರವನ್ನೋ ಬಿದಿರನ್ನೋ ದುಂಡಗೆ ಕೊರೆದು, ಒಳಗೆ ಪರಾಗ ಮಕರಂದಗಳ ಉಂಡೆಯಿಟ್ಟು, ಅದರ ಮೇಲೆ ಮೊಟ್ಟೆಯಿಟ್ಟು, ಕೋಣೆ ಕೋಣೆಯಾಗಿ ಮುಚ್ಚುತ್ತದೆ. ನಂದನವನದಲ್ಲಿ ಮರಿದುಂಬಿಯಾಗಿ ಹುಟ್ಟಬೇಕಾದರೆ ಅಲ್ಲಿ ಅರಳಿದ ಹೂವಷ್ಟೇ ಸಾಲದು, ಒಣಗಿದ ಕೊಂಬೆಯೊಂದು ಇರಬೇಕು. ಕೋಗಿಲೆಗೂ ಹಾಗೆಯೇ, ಹಣ್ಣಿನ ಮರದ ಜೊತೆಗೆ ಕಾಗೆ ಗೂಡುಕಟ್ಟುವಷ್ಟು ಎತ್ತರದ ಮರವೂ, ಆ ಕಾಗೆಯನ್ನು ಓಡಿಸದ ಮನುಷ್ಯರೂ ಬೇಕು.

ಕಳೆದ ವರ್ಷ ಬೇಸಗೆಯ ರಜೆಯಲ್ಲಿ, ಸಸಿಗಳು ನಿಂತುಕೊಂಡ ಮೇಲೆ ಊರುಗೋಲುಗಳನ್ನು ತೆಗೆಯುವ ಕೆಲಸ ನಡೆದಿತ್ತು. ಅಶೋಕದ ಪಕ್ಕದ ಬಿದಿರನ್ನು ಮಾಲಿ ಅಲ್ಲಾಡಿಸಿದಾಗ ಒಳಗಿನಿಂದ ಮೊರೆತ ಕೇಳಿಸಿತು. ಬುಡದಲ್ಲಿ ಹಳದಿಯ ಹೊಟ್ಟು ಉದುರಿ ಸಣ್ಣ ಗುಪ್ಪೆಯಾಗಿತ್ತು. ಮೇಲಿನ ಗೆಣ್ಣಿನ ಕೆಳಗೆ ಕಿರುಬೆರಳು ಹಿಡಿಸುವಷ್ಟು ದುಂಡನೆಯ ತೂತು. ಅವನು ನನ್ನ ಮುಖ ನೋಡಿದ. ಉಳಿದ ಬಿದಿರುಗಳನ್ನೆಲ್ಲ ಕಿತ್ತು ಗಾಡಿಗೆ ತುಂಬಿದರು. ಅದೊಂದನ್ನು ಬಿಟ್ಟೆವು. ಈಗಲೂ ಅದು ಯಾವ ಸಸಿಗೂ ಆಸರೆಯಾಗದೆ, ಕೊಂಚ ಓರೆಯಾಗಿ, ಅಲ್ಲಿಯೇ ನಿಂತಿದೆ.